ಕುಮಾರಪರ್ವತದಲ್ಲಿ ಕೂಗಳತೆ

ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಹೋಗುವ ಯಾತ್ರಿಕರಲ್ಲಿ ಬಹುಮಂದಿ ಕುಮಾರಧಾರೆಯಲ್ಲಿ ಮಿಂದು, ದೇವರ ದರ್ಶನವನ್ನು ಮಾಡಿಕೊಂಡು, ಮೋಡಗಳ ನಡುವೆ ತಲೆಯೆತ್ತಿ ನಿಂತಿರುವ ಕುಮಾರಪರ್ವತಕ್ಕೆ ದೂರದಿಂದಲೇ ಕೈಮುಗಿದು ಹಿಂದಿರುಗುವರು. ಅದನ್ನು ಏರುವವರು ಕೆಲವರು ಮಾತ್ರ. ದಕ್ಷಿಣ ಕನ್ನಡಕ್ಕೂ ಕೊಡಗಿಗೂ ಎಲ್ಲೆಯಂತಿರುವ ಈ ಪರ್ವತದ ಎತ್ತರ ಸಮುದ್ರಮಟ್ಟದಿಂದ 1712 ಮೀಟರುಗಳು. ಕೊಡಗಿನವರು ಇದನ್ನು ಪುಷ್ಪಗಿರಿಯೆಂದು ಕರೆಯುವರು. ಸುತ್ತಲಿನ ವನ್ಯಜೀವಿಧಾಮಕ್ಕೂ ಅದೇ ಹೆಸರು. ಸುಬ್ರಹ್ಮಣ್ಯದ ಕಡೆಯಿಂದ ಹೊರಟವನು ಸುಮಾರು ಒಂದೂವರೆ ಸಾವಿರ ಮೀಟರುಗಳಷ್ಟು ಎತ್ತರವನ್ನು ತನ್ನ ಕಾಲುಗಳಿಂದಲೇ ಗೆಲ್ಲಬೇಕು.

ದಾರಿಯು ಮೂರು ಬಗೆಯಾಗಿದೆ. ಮೊದಲು ಬಿಸಿಲು ನೆಲಕ್ಕಿಳಿಯದ ದಟ್ಟವಾದ ಕಾಡು. ಭೀಮನ ಬಂಡೆಯನ್ನು ದಾಟಿ ಗಿರಿಗದ್ದೆಯ ಭಟ್ಟರ ಮನೆಯ ಬಳಿಗೆ ಬರುವವರೆಗೆ ಇದೇ. ಅಲ್ಲಿಂದ ಮುಂದೆ ಮರದ ನೆರಳಿಲ್ಲದ ಹುಲ್ಲುಗಾವಲಿನ ಏರು. ಕಲ್ಲುಮಂಟಪವನ್ನು ದಾಟಿ ಶೇಷಪರ್ವತದ ನೆತ್ತಿಯವರೆಗೆ. ಆ ಬಳಿಕ ದಾರಿಯು ಇಳಿದು, ಶೋಲೆಯ ಕಾಡನ್ನು ಹೊಕ್ಕು, ಒಂದು ಓರೆಬಂಡೆಯನ್ನು ಹತ್ತಿ ಶಿಖರವನ್ನು ಸೇರುವುದು. ಗಿರಿಗದ್ದೆಯಲ್ಲಿ ನಿಂತವನಿಗೆ ಶೇಷಪರ್ವತವು ಕಾಣುವುದು. ಅದರ ಹಿಂದಿರುವ ಕುಮಾರಪರ್ವತವು ಕಾಣದು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಬೇಡುವೆವು. ಮುಂದೆ ಹೇಳುವುದೆಲ್ಲವೂ ಇದನ್ನು ಅವಲಂಬಿಸಿದೆ.

ಮಲೆಗಳಲ್ಲಿ ದೂರವನ್ನು ಅಳೆಯುವುದಕ್ಕೆ ನಮ್ಮ ಹಿರಿಯರು ‘ಕೂಗಳತೆ’ಯೆಂಬ ಮಾತನ್ನು ಬಳಸುತ್ತಿದ್ದರು. ಬೇಟೆಗೆ ಹೋದವರು ಪೊದೆಗಳ ನಡುವೆ ಚೆದರಿ ನಿಂತಾಗ, ಒಬ್ಬನ ಕೂಗು ಮತ್ತೊಬ್ಬನಿಗೆ ಕೇಳುವಷ್ಟು ದೂರವೇ ಕ್ಷೇಮದ ಮೇರೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆಯ ವಿನೋದಕ್ಕೆ ಅವಕಾಶವಿಲ್ಲ. ಅದು ನಿಂತುದೇ ಒಳ್ಳೆಯದಾಯಿತು. ಆದರೆ ಕಾಡಿನಲ್ಲಿ ನಡೆಯುವವರು ಇದ್ದೇ ಇರುವರು, ಕೂಗಳತೆಯ ಚಿಂತೆಯೂ ಹಾಗೆಯೇ ಇದೆ. ಜೇಬಿನಲ್ಲಿ ಮೊಬೈಲ್ ಇದೆಯಲ್ಲವೇ ಎಂದರೆ, ಅದು ಮಾತನಾಡುವುದು ಗೋಪುರದೊಡನೆಯೇ ಹೊರತು ಎದುರಿನ ಮನುಷ್ಯನೊಡನೆ ಅಲ್ಲ. ಗೋಪುರವು ಕಣಿವೆಯಾಚೆಗೆ ಮರೆಯಾದರೆ, ನೂರು ಗಜದ ದೂರದಲ್ಲಿರುವ ಗೆಳೆಯನೂ ಪರದೇಶದಲ್ಲಿದ್ದಂತೆಯೇ ಸರಿ. ಗೋಪುರದ ಹಂಗಿಲ್ಲದೆ ಒಂದರಿಂದ ಮತ್ತೊಂದಕ್ಕೆ ನೇರವಾಗಿ ಮಾತನ್ನು ಮುಟ್ಟಿಸುವ ಕೈರೇಡಿಯೋ, ಎಂದರೆ ಎಲ್ಲರೂ ಬಲ್ಲ ವಾಕಿಟಾಕಿ, ಇಲ್ಲಿ ಉಪಯೋಗಕ್ಕೆ ಬರುವುದು. ಈ ಉಪಕರಣದ ಮೂಲವೂ ಕಾಡಿನ ಅಗತ್ಯವೇ. ಕೆನಡಾದ ಡೊನಾಲ್ಡ್ ಹಿಂಗ್ಸ್ ಎಂಬವರು 1937ರಲ್ಲಿ, ದುರ್ಗಮವಾದ ಅರಣ್ಯಪ್ರದೇಶಗಳ ಮೇಲೆ ಹಾರುವ ವಿಮಾನ ಚಾಲಕರಿಗಾಗಿ, ಹೊತ್ತೊಯ್ಯಬಹುದಾದ ಮಾತಿನ ರೇಡಿಯೋ ಒಂದನ್ನು ನಿರ್ಮಿಸಿದರು. ಯುದ್ಧವು ಬಂದು ಅದನ್ನು ಸೈನಿಕರ ಕೈಗೆ ಕೊಟ್ಟಿತು.

ಮಳೆಯು ನಿಂತು ದಾರಿ ತೆರೆದ ಮೇಲೆ ಪರ್ವತವನ್ನು ಏರುವುದೆಂದು ನಾವು ನಿಶ್ಚಯಿಸಿದೆವು. ನಾವು ದಂಪತಿಗಳು, ನಮ್ಮ ಭಾವನವರು, ಅವರ ಮಗ, ಅವನ ಸಹಪಾಠಿಯೊಬ್ಬ, ಹೀಗೆ ಐವರು. ಭಾವನವರ ಬಲಮೊಣಕಾಲು ನೋವಿನದು. ಅಳಿಯನ ಕಾಲೋ ಜಿಂಕೆಯದು. ಇಂಥ ತಂಡವು ಒಟ್ಟಾಗಿ ನಡೆಯಲಾರದೆಂಬುದು ಮೊದಲೇ ತಿಳಿದಿದ್ದುದರಿಂದ ಮೂರು ವಾಕಿಟಾಕಿಗಳನ್ನು ಕೊಳ್ಳುವುದೆಂದಾಯಿತು.

ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಮೊದಲು ಬಿದ್ದುದು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದ ದೂರದ ಅಂಕಿ. ಒಂದು 10 ಕಿಲೋಮೀಟರೆಂದರೆ ಮತ್ತೊಂದು 25 ಎನ್ನುತ್ತಿತ್ತು. ಗೃಹಸ್ಥರು ಈ ಅಂಕಿಗಳನ್ನು ನಂಬಿ ಹಣವನ್ನು ತೆರಬಾರದು. ರೇಡಿಯೋ ತರಂಗವು ಈ ಬಗೆಯ ಉಪಕರಣಗಳಲ್ಲಿ ಹೆಚ್ಚು ಕಡಿಮೆ ದೃಷ್ಟಿಯಂತೆಯೇ ನೇರವಾಗಿ ಸಾಗುವುದು. ಬಯಲಿನಲ್ಲಿ ನಿಂತವನ ಕೈಯಲ್ಲಿರುವ ಉಪಕರಣಕ್ಕೆ ಸುಮಾರು 5 ಕಿಲೋಮೀಟರುಗಳಲ್ಲಿಯೇ ಭೂಮಿಯ ದುಂಡುತನವು ಅಡ್ಡಬರುತ್ತದೆ. ಎದುರಿನವನೂ ನಿಂತಿದ್ದರೆ ಲೆಕ್ಕವು 10ಕ್ಕೆ ಏರುವುದು. ದಟ್ಟವಾದ ಕಾಡಿನಲ್ಲಿ ಒಂದೆರಡು ಕಿಲೋಮೀಟರು ದಕ್ಕಿದರೆ ಸಾಕೆಂದುಕೊಳ್ಳಬೇಕು. ನಡುವೆ ಗುಡ್ಡದ ಮೈ ಬಂದರೆ ಅದೂ ಇಲ್ಲ. ಪೆಟ್ಟಿಗೆಯ ಅಂಕಿಯು ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ, ಅಡ್ಡಿಯಿಲ್ಲದ ದಿನ, ನೋಡಿ ಬರೆದ ಅಂಕಿ.

ಎರಡನೆಯದಾಗಿ ತರಂಗದ ಗಾತ್ರ. 145 ಮೆಗಾಹರ್ಟ್ಸಿನ ಆಸುಪಾಸಿನ ತರಂಗದ ಉದ್ದ ಸುಮಾರು 2 ಮೀಟರು. 446ರದು ಸುಮಾರು 67 ಸೆಂಟಿಮೀಟರು. ಒದ್ದೆ ಎಲೆಗಳು ಚಿಕ್ಕ ತರಂಗವನ್ನು ಹೆಚ್ಚಾಗಿ ಹೀರುವುವು; ಆದುದರಿಂದ ಕಾಡಿಗೆ ಉದ್ದನೆಯ ತರಂಗವೇ ಲೇಸು. ಆದರೆ ಅದು ನಮ್ಮಂಥವರ ಇಚ್ಛೆಗೆ ಬಿಟ್ಟದ್ದಲ್ಲ. ಪರವಾನಗಿಯಿಲ್ಲದೆ ಸಾಮಾನ್ಯ ಜನರು ವಾಕಿಟಾಕಿಯಲ್ಲಿ ಮಾತನಾಡುವುದಕ್ಕೆ ಭಾರತದಲ್ಲಿ 2018ರ ನಿಯಮಗಳು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಬಿಟ್ಟುಕೊಟ್ಟಿವೆ. ಕೊಳ್ಳುವ ಉಪಕರಣವು ಆ ಪಟ್ಟಿಯಲ್ಲಿಯೇ ನಡೆಯುವಂಥದು, ಸರಕಾರದ ಮಾದರಿ ಅನುಮೋದನೆಯನ್ನು ಪಡೆದದ್ದು ಎಂಬೆರಡನ್ನು ಕೇಳಿ ನೋಡಿಯೇ ಹಣವನ್ನು ಕೊಡತಕ್ಕದ್ದು. ಅಗ್ಗವಾಗಿ ದೊರೆಯುವ ಕೆಲವು 5 ವಾಟಿನ ಉಪಕರಣಗಳು ಪೋಲೀಸರ, ಅರಣ್ಯದವರ ಮಾತುಗಳ ನಡುವೆಯೂ ತಲೆಹಾಕಬಲ್ಲವು. ಅಂಥವನ್ನು ಪರವಾನಗಿಯಿಲ್ಲದೆ ಬಳಸುವುದು ಅಪರಾಧ. ಈ ಅನುಚಿತವಾದ ಮಾರಾಟವನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಅಲ್ಲಿಯ ವಾಕಿಟಾಕಿಗಳನ್ನು ಉಡುಗೊರೆಯಾಗಿ ತರುವುದುಂಟು. ಅವು 462 ಮತ್ತು 467 ಮೆಗಾಹರ್ಟ್ಸಿನ ಬಳಿ ನುಡಿಯುವಂಥವು. ಅಲ್ಲಿ ನ್ಯಾಯವಾದದ್ದು ಇಲ್ಲಿ ನ್ಯಾಯವಲ್ಲ. ಹೆಚ್ಚಿನ ಬಲ ಬೇಕೆನ್ನುವವರು ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕುಳಿತು ಪರವಾನಗಿಯನ್ನು ಪಡೆಯಬಹುದು; ಅದು ಮನೆಮಂದಿಗೆಲ್ಲ ಒಳ್ಳೆಯ ವಿದ್ಯೆಯೂ ಹೌದು.

ಇವುಗಳ ಹೊರತಾಗಿ ನಾವು ನೋಡಿದ ಗುಣಗಳು ಸರಳವಾದವು. ನೀರಿಗೆ ಬಿದ್ದರೂ ಕೆಡಬಾರದು. ‘ಐಪಿ 67’ ಎಂಬ ಗುರುತಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ತಾಳುವುದೆಂದರ್ಥ. ಗುಂಡಿಯು ಚಳಿಗೆ ಮರಗಟ್ಟಿದ ಬೆರಳಿಗೂ ಸಿಕ್ಕುವಂತಿರಬೇಕು. ಹಳ್ಳಿಯ ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಸೆಲ್ಲುಗಳನ್ನೂ ಹಾಕಬಹುದಾದರೆ ಇನ್ನೂ ಒಳ್ಳೆಯದು. ‘ಗುಪ್ತ ಸಂಕೇತ’ವೆಂದು ಮಾರುವವರು ಹೊಗಳುವ ಗುಣವು ಮಾತನ್ನು ಗುಪ್ತವಾಗಿಡುವುದಿಲ್ಲ, ಇತರರ ಮಾತು ನಮ್ಮ ಕಿವಿಗೆ ಬೀಳದಂತೆ ಮಾಡುವುದಷ್ಟೇ ಅದರ ಕೆಲಸ. ನಮ್ಮ ಮಾತನ್ನು ಕೇಳಬೇಕೆಂದವನು ಕೇಳಿಯೇ ಕೇಳುವನು.

ಹೊರಡುವ ಮೊದಲು ಒಂದು ವಾರ ಮನೆಯಲ್ಲಿ ಅಭ್ಯಾಸವು ನಡೆಯಿತು. ಗುಂಡಿಯನ್ನೊತ್ತಿ ಒಂದು ಕ್ಷಣ ತಡೆದು ಮಾತನಾಡಬೇಕು, ಇಲ್ಲವಾದರೆ ಮೊದಲ ಅಕ್ಷರವು ನುಂಗಿಹೋಗುವುದು. ಮಾತು ಮುಗಿಯುವ ಮುನ್ನ ಬೆರಳನ್ನು ತೆಗೆದರೆ ಕೊನೆಯು ನುಂಗಿಹೋಗುವುದು. ನಮ್ಮ ಮನೆಯವರು ಇದರಲ್ಲಿ ಒಂದು ಸೂಕ್ಷ್ಮವನ್ನು ಕಂಡುಹಿಡಿದರು. ಕನ್ನಡದಲ್ಲಿ ನಿಷೇಧವು ಮಾತಿನ ಕೊನೆಗೆ ಬರುವುದು. ‘ಇಳಿಯಬೇಡ’ ಎಂಬುದರ ಬಾಲವು ಕತ್ತರಿಸಿಹೋದರೆ ಕೇಳುವವನು ಇಳಿದೇಬಿಡುವನು! ಆದಕಾರಣ ‘ನಿಲ್ಲು’, ‘ಮರಳು’, ‘ಕ್ಷೇಮ’ ಎಂಬ ಮೂರು ಮಾತುಗಳನ್ನೇ ಮುಖ್ಯವಾಗಿ ಬಳಸುವುದೆಂದೂ, ಒಂದೊಂದನ್ನೂ ಎರಡು ಸಲ ನುಡಿಯುವುದೆಂದೂ, ಪ್ರತಿ ಗಂಟೆಯ ಆದಿಯಲ್ಲಿ ಎಲ್ಲರೂ ಕಿವಿಗೊಡುವುದೆಂದೂ ಕಟ್ಟಳೆಯಾಯಿತು.

ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡವಾಗಿ ಪಡೆದು ನಸುಕಿನಲ್ಲಿ ಹೊರಟೆವು. ಕೆಳಗಿನ ಕಾಡಿನಲ್ಲಿ, ಒಂದು ತಿರುವು ಮುಂದೆ ಹೋದ ಹುಡುಗರ ಧ್ವನಿಯು ವಾಕಿಟಾಕಿಯಲ್ಲಿ ಒಡೆದೊಡೆದು ಬರುತ್ತಿತ್ತು. ಹುಲ್ಲುಗಾವಲನ್ನು ಸೇರಿದೊಡನೆ ಪಕ್ಕದಲ್ಲಿ ಕುಳಿತು ಮಾತನಾಡಿದಂತೆ ತಿಳಿಯಾಯಿತು. ಗಿರಿಗದ್ದೆಗೆ ಬರುವಷ್ಟರಲ್ಲಿ ಭಾವನವರ ಮೊಣಕಾಲು ಇನ್ನು ಒಲ್ಲೆನೆಂದಿತು. ಅವರು ಒಂದು ಉಪಕರಣವನ್ನು ಇಟ್ಟುಕೊಂಡು ಅಲ್ಲಿಯೇ ಉಳಿದರು. ತಪಾಸಣೆಯಲ್ಲಿ ಉಳಿದೆರಡನ್ನೂ ತೋರಿಸಿ ನಾವು ಮುಂದೆ ನಡೆದೆವು.

ಶೇಷಪರ್ವತದ ನೆತ್ತಿಯನ್ನು ಸೇರಿದಾಗ ನಮಗೂ ಸಾಕಾಗಿತ್ತು. ಹುಡುಗರಿಬ್ಬರು ಮಾರ್ಗದರ್ಶಿಯೊಡನೆ ಶೋಲೆಯ ಕಡೆಗೆ ಇಳಿದರು. ಸ್ವಲ್ಪ ಹೊತ್ತಿಗೆ ಗಿರಿಗದ್ದೆಯಿಂದ ಭಾವನವರು ಮಗನನ್ನು ಕರೆಯತೊಡಗಿದರು. ಉತ್ತರವಿಲ್ಲ. ಮತ್ತೆ ಕರೆದರು. ಹುಡುಗನಿಗೂ ಅವರಿಗೂ ನಡುವೆ ಇಡೀ ಶೇಷಪರ್ವತವೇ ನಿಂತಿತ್ತು. ಅವರ ಧ್ವನಿಯಲ್ಲಿ ಕಳವಳವನ್ನು ಕಂಡು ನಾವು ಹೇಳಿದೆವು: “ಭಾವ, ಅವನ ಮಾತು ನಮಗೆ ಕೇಳುತ್ತಿದೆ. ಕ್ಷೇಮ, ಕ್ಷೇಮ.”

ಅಳಿಯನು ಶಿಖರವನ್ನು ಮುಟ್ಟಿ ಸಂತೋಷದಿಂದ ಕೂಗಿದ್ದು ನಮಗೆ ಕೇಳಿತು. ಅದನ್ನು ತಂದೆಗೆ ತಲಪಿಸಿದೆವು. ಕೊಂಚ ಹೊತ್ತಿನ ಮೇಲೆ ಭಾವನವರೇ ಮಾತನಾಡಿದರು: “ಪಡುವಣ ಕಡೆಯಿಂದ ಕಪ್ಪಾಗಿ ಮೋಡ ಏರುತ್ತಿದೆ. ನಿಮಗೆ ಅಲ್ಲಿ ಕಾಣಲಾರದು. ಹುಡುಗರನ್ನು ಮರಳಿಸಿ.” ನಮ್ಮ ಸುತ್ತಲೂ ಆಗಲೇ ಬಿಳಿಯ ಮಂಜು ಕವಿದು, ಶಿಖರದ ದಿಕ್ಕೇ ತಿಳಿಯದಂತಾಗಿತ್ತು. “ಮರಳು, ಮರಳು” ಎಂದೆವು. “ಇನ್ನು ಅರ್ಧ ಗಂಟೆ, ಮಾವಾ,” ಎಂದನು ಅಳಿಯ. “ಅಪ್ಪನ ಮಾತು. ಮರಳು, ಮರಳು.” ಅವನು ಮರುಮಾತನಾಡಲಿಲ್ಲ. ಓರೆಬಂಡೆಯನ್ನು ಅವರು ಒಣಗಿದ್ದಾಗಲೇ ಇಳಿದರು. ನಮ್ಮನ್ನು ಬಂದು ಸೇರುವಾಗ ಮೊದಲ ಹನಿಗಳು ಬಿದ್ದುವು. ಮಳೆಯಲ್ಲಿ ಆ ಬಂಡೆಯ ಮೇಲೆ ಕಾಲಿಡುವುದೆಂದರೆ ಏನೆಂಬುದನ್ನು ಅದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಆ ದಿನ ನಮಗೆ ಒದಗಿದ್ದು ಉಪಕರಣದ ಬಲವಲ್ಲ. ಮೂವರಲ್ಲಿ ಒಬ್ಬರು ಇಬ್ಬರಿಗೂ ಕಾಣುವ ಎತ್ತರದಲ್ಲಿ ನಿಂತುದು. ಶೇಷಪರ್ವತವನ್ನು ಬಿಟ್ಟು ಎಲ್ಲರೂ ಶಿಖರಕ್ಕೆ ಹೋಗಿದ್ದರೆ, ಇದಕ್ಕಿಂತ ಹತ್ತುಪಟ್ಟು ಬೆಲೆಯ ವಾಕಿಟಾಕಿಯನ್ನು ಹಿಡಿದಿದ್ದರೂ ಗಿರಿಗದ್ದೆಯ ಮಾತು ಅಲ್ಲಿಗೆ ಮುಟ್ಟುವ ಭರವಸೆಯಿರಲಿಲ್ಲ.

ಆದುದರಿಂದ, ಬೆಟ್ಟಕ್ಕೆ ಹೊರಡುವ ಗೃಹಸ್ಥರು ಅಂಗಡಿಗೆ ಹೋಗುವ ಮೊದಲು ತಾವು ಹೋಗುವ ನೆಲದ ನಕ್ಷೆಯನ್ನು ಬಿಡಿಸಿ ನೋಡಲಿ. ಯಾವ ಗುಡ್ಡವು ಯಾವುದನ್ನು ಮರೆಮಾಡುವುದು, ಯಾರು ಎಲ್ಲಿ ನಿಂತರೆ ಇಬ್ಬರಿಗೂ ಕಾಣುವರು ಎಂಬುದನ್ನು ಗೊತ್ತುಮಾಡಿಕೊಂಡು, ಆಮೇಲೆ ಎಷ್ಟು ಉಪಕರಣಗಳು ಬೇಕೆಂಬುದನ್ನು ಎಣಿಸಲಿ. ಎರಡರ ಬದಲು ಮೂರನ್ನು ಕೊಳ್ಳುವುದು, ಎರಡಕ್ಕೆ ಹೆಚ್ಚು ಬೆಲೆ ತೆರುವುದಕ್ಕಿಂತ ಮೇಲು. ಉಪಕರಣವು ಮೂಕವಾದರೆ ಮಾಡಬೇಕಾದುದನ್ನೂ ಮನೆಯಲ್ಲಿಯೇ ಗೊತ್ತುಮಾಡಿರಬೇಕು: ಇದ್ದಲ್ಲಿಯೇ ನಿಲ್ಲುವುದು, ಅಥವಾ ಕೊನೆಯ ಸಲ ಮಾತು ಕೇಳಿದ ಎತ್ತರಕ್ಕೆ ಮರಳುವುದು. ನಮ್ಮವರ ಕೂಗಳತೆಯನ್ನು ಮೀರದಿರುವುದೇ ಕಾಡಿನಲ್ಲಿ ನಡೆಯುವವರ ಮೊದಲನೆಯ ಧರ್ಮ. ಯಂತ್ರವು ಆ ಅಳತೆಯನ್ನು ಉದ್ದಮಾಡಬಲ್ಲುದೇ ಹೊರತು ಆ ಧರ್ಮದಿಂದ ನಮ್ಮನ್ನು ಬಿಡಿಸಲಾರದು.