ಏಕಶಿಲೆಯ ಬುಡದಲ್ಲಿ

ಎಂದೋ ಮುರಿದು ಡೊಂಕಾಗಿಯೇ ಕೂಡಿಕೊಂಡಿದ್ದ ಮೂಗಿನ ಎಲುಬನ್ನೂ, ಎಡಗಡೆಯ ಉಸಿರನ್ನು ತಡೆದಿದ್ದ ಒಳಗಿನ ನಡುಗೋಡೆಯನ್ನೂ ಶಸ್ತ್ರವೈದ್ಯರು ನೇರ್ಪಡಿಸಿ, ಮೇಲೊಂದು ಗಡುಸು ಪಟ್ಟಿ ಕಟ್ಟಿ ಕಳುಹಿಸಿದ ಮೂರನೆಯ ದಿನ, ಕನ್ನಡಿಯಲ್ಲಿ ಕಂಡ ಮುಖವನ್ನು ನನ್ನದೆಂದು ಒಪ್ಪಲು ಮನಸ್ಸು ಹಿಂಜರಿಯಿತು. ರೆಪ್ಪೆಗಳು ಬಾತಿದ್ದುವು, ಎಲುಬು ಕದಲಿಸಿದಾಗ ಒಸರಿದ ನೆತ್ತರು ಕಣ್ಣಿನ ಕೆಳಗಣ ತೆಳುಚರ್ಮದಡಿ ಇಳಿದು, ನೇರಳೆಹಣ್ಣು ಹಿಸುಕಿದಂತೆ ಕಂದಿ ನಿಂತಿತ್ತು. ತಲೆದಿಂಬು ಎತ್ತರವಿರಬೇಕು, ಬಾಗಬಾರದು, ಭಾರವೆತ್ತಬಾರದು. ನಿತ್ಯವೂ ನಡೆಯಬೇಕು, ಆದರೆ ಬೆಟ್ಟ ಹತ್ತಕೂಡದು ಎಂಬುದು ವೈದ್ಯರ ಕಟ್ಟಾಜ್ಞೆ.

ಮಧುಗಿರಿಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಕಠಿಣವಾದ ಪಥ್ಯವುಂಟೆ? ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೇರಿದ, ಒಂದೇ ಬಂಡೆಯ ಆ ಬೆಟ್ಟ ಹೊಸ್ತಿಲು ದಾಟಿದೊಡನೆ ಕಣ್ಣಿಗೆ ಬೀಳುತ್ತದೆ. ಏರಿದರೆ ರಕ್ತದ ಒತ್ತಡ ಹೆಚ್ಚಿ ಮತ್ತೆ ನೆತ್ತರು ಒಸರೀತು, ಮಲಗಿಯೇ ಇದ್ದರೆ ಕಾಲಿನಲ್ಲಿ ಹೆಪ್ಪುಗಟ್ಟೀತು. ಆದುದರಿಂದ ಬಿಸಿಲೇರುವ ಮುನ್ನ ಕೊರಟಗೆರೆಯ ರಸ್ತೆಯಲ್ಲಿ, ಬಾಯಿಂದ ಉಸಿರಾಡುತ್ತ, ಮೆಲ್ಲಮೆಲ್ಲನೆ ನಡೆದೆ.

ಆಗ ಮನಸ್ಸಿನಲ್ಲೇ ನನಗೆ ಜೊತೆಯಾದವನು, ನನ್ನಂತೆಯೇ ಮೂಗು ಸರಿಪಡಿಸಿಕೊಂಡಿದ್ದ ಹಿಂದಿನ ಕಾಲದ ಕವಾಸ್‌ಜಿ. ಮೂರನೆಯ ಮೈಸೂರು ಯುದ್ಧದಲ್ಲಿ, 1792ರಲ್ಲಿ, ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಅವನು ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಸಮೀಪದ, ಇಟ್ಟಿಗೆ ಮಾಡುವ ಕುಲದವನೊಬ್ಬ ಮೇಣದ ಅಚ್ಚಿನ ಅಳತೆಗೆ ಹಣೆಯ ಚರ್ಮವನ್ನು ಕೊಯ್ದು, ಹುಬ್ಬುಗಳ ನಡುವಣ ಬುಡವನ್ನು ಕಡಿಯದೆ ಕೆಳಕ್ಕೆ ತಿರುಗಿಸಿ, ಅವನಿಗೆ ಹೊಸ ಮೂಗು ಕಟ್ಟಿದ. ಐದಾರು ದಿನ ಅಂಗಾತ ಮಲಗಿಸಿ, ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆದು ಬಟ್ಟೆಯಿಡುವುದು ಆ ಚಿಕಿತ್ಸೆಯ ಕ್ರಮವೆಂದು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ವಿವರಿಸಿತು; ಅದನ್ನೇ ಅನುಸರಿಸಿ 1814ರಲ್ಲಿ ಕಾರ್ಪ್ಯು ಎಂಬ ಶಸ್ತ್ರವೈದ್ಯನು ಅಲ್ಲಿ ಯಶಸ್ವಿಯಾದನು. ನನಗಾದರೋ, ಅಷ್ಟು ದಿನ ಅಂಗಾತವಾಗಿದ್ದು ಎದ್ದ ಆ ಬಡವನ ಮೊದಲ ಹೆಜ್ಜೆಯೇ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿದ್ದಿತು.

ಊರಂಚಿನಲ್ಲಿ ಹುಣಿಸೆಹಣ್ಣು ಮಾರುವ ಪಾವಗಡದ ಕಡೆಯ ಅಜ್ಜಿ ಮೊದಲ ದಿನ, “ಮಕ ಯಾಕಪ್ಪಾ ಹಿಂಗ್ ಕಪ್ಪಿಟ್ಟೈತೆ?” ಎಂದು ಕೇಳಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಕಪ್ಪು ಹಸುರಿಗೆ ತಿರುಗಿ, ಪಟ್ಟಿ ಬಿಚ್ಚಿದ ಮೇಲೆ ಹತ್ತನೆಯ ದಿನ ನನ್ನನ್ನು ಹತ್ತಿರ ಕರೆದು ನೋಡಿ, “ಅರಿಶಿನ ಬಂದೈತೆ ಕಣಪ್ಪ, ಇನ್ನೇನು ವಾಸಿ” ಎಂದಳು. ಮೂಗಿನ ತುದಿಯ ಬಾವು ಪೂರ್ತಿ ಇಳಿಯಲು ವರ್ಷವೇ ಬೇಕಾದೀತೆಂದು ವೈದ್ಯರು ಹೇಳಿದ್ದರೂ ಅವಳ ಮಾತನ್ನೇ ನಂಬಿದೆ. ಆ ಹೊತ್ತಿಗೆ, ಅವಳ ಕುಕ್ಕೆಯ ಹುಳಿಗಂಪು ಬಹುಕಾಲ ಮುಚ್ಚಿದ್ದ ಎಡಹೊಳ್ಳೆಯಿಂದ ಸಣ್ಣಗೆ ಒಳಬಂದಿತು.