ಲಿಸ್ಬನ್: ಗೋಡೆಯೊಳಗಿನ ಪಂಜರ

ತೇಜು ನದಿಯ ದಂಡೆಯ ಪ್ರಾಸಾ ದು ಕೊಮೆರ್ಸಿಯು ಚೌಕದಲ್ಲಿ ಮೂರು ಕಡೆಯೂ ಹಳದಿ ಬಣ್ಣದ, ಒಂದೇ ಅಳತೆಯ ಕಮಾನುಸಾಲು. ನಡುವೆ ಕುದುರೆಯೇರಿದ ದೊರೆ ಒಂದನೇ ಜೋಸೆ. 1755ರಲ್ಲಿ ಭೂಕಂಪವಾದ ಮೇಲೆ ಈತ ಕಲ್ಲುಗಾರೆಯ ಸೂರಿನಡಿ ಮಲಗಲು ಒಪ್ಪಲೇ ಇಲ್ಲ. ಅಜುಡಾ ಗುಡ್ಡದ ಮೇಲೆ ಮರದ ಅರಮನೆ ಹಾಕಿಸಿಕೊಂಡು ಕೊನೆಯವರೆಗೂ ಅದನ್ನೇ ಮನೆ ಮಾಡಿಕೊಂಡಿದ್ದ. ನೆಲದ ನಡುಕಕ್ಕೆ ಹೆದರಿ ಕಟ್ಟಿದ ಆ ಅರಮನೆಯನ್ನು 1794ರಲ್ಲಿ ಬೆಂಕಿ ತಿಂದಿತು.

ಚೌಕದ ಜಾಗದಲ್ಲಿ ಹಿಂದೆ ಇದ್ದದ್ದು ರಿಬೇರಾ ಅರಮನೆ ಮತ್ತು 'ಕಾಸಾ ದ ಇಂಡಿಯಾ' ಎಂಬ ವ್ಯಾಪಾರದ ಕಚೇರಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರಲ್ಲ, ನಮ್ಮ ಕರಾವಳಿಯಲ್ಲಿ ಹಡಗೇರಿದ ಮೆಣಸಿನ ಲೆಕ್ಕ ಬರೆದಿಡುತ್ತಿದ್ದದ್ದು ಇಲ್ಲಿ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಚರ್ಚುಗಳಲ್ಲಿ ಮೇಣದಬತ್ತಿ ಉರಿಯುತ್ತಿದ್ದ ಹೊತ್ತಿಗೆ ನೆಲ ನಡುಗಿತು, ನದಿ ಉಕ್ಕಿ ದಂಡೆ ಹತ್ತಿತು, ಬೆಂಕಿ ದಿನಗಟ್ಟಲೆ ಆರಲಿಲ್ಲ. ಅರಮನೆ, ಮೆಣಸಿನ ಲೆಕ್ಕ, ಅದೇ ವರ್ಷ ಬಾಗಿಲು ತೆರೆದಿದ್ದ ಒಪೆರಾ ಮಂದಿರ ಎಲ್ಲವೂ ಹೋದವು.

ಎಂಬತ್ತರ ಹತ್ತಿರ ಬಂದಿದ್ದ ಸೇನಾ ಎಂಜಿನಿಯರ್ ಮಾನುಯೆಲ್ ದ ಮಾಯಾ ಸರ್ಕಾರದ ಮುಂದೆ ಹಲವು ದಾರಿ ಇಟ್ಟ: ಇದ್ದ ಹಾಗೇ ಕಟ್ಟುವುದು, ಬೀದಿ ಅಗಲಿಸಿ ಕಟ್ಟುವುದು, ಊರನ್ನೇ ಬೆಲೆಂಗೆ ಒಯ್ಯುವುದು... ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ ಆರಿಸಿದ್ದು ಎಲ್ಲಕ್ಕಿಂತ ನಿರ್ದಯವಾದದ್ದನ್ನು. ಬಿದ್ದದ್ದರ ಜೊತೆ ನಿಂತದ್ದನ್ನೂ ಕೆಡವಿ, ನೆಲ ಮಟ್ಟ ಮಾಡಿ, ದಾರ ಹಿಡಿದಂತೆ ನೇರ ಬೀದಿ ಎಳೆಯುವುದು. ಅದೇ ಇಂದಿನ ಬೈಷಾ ಪೇಟೆ. ಚಿನ್ನದವರಿಗೊಂದು ಬೀದಿ, ಬೆಳ್ಳಿಯವರಿಗೊಂದು, ಚಮ್ಮಾರರಿಗೊಂದು. ಕಿಟಕಿ, ಚೌಕಟ್ಟು, ಕಂಬಿಗಳೆಲ್ಲ ಒಂದೇ ಅಳತೆಯವು. ಮೊದಲೇ ತಯಾರಿಸಿಟ್ಟು ತಂದು ಜೋಡಿಸಿದ್ದು. ನನಗೆ ಈ ಬೀದಿಗಳು ಸ್ವಲ್ಪ ಬೇಸರವೇ ತರಿಸಿದವು. ಅಂಕುಡೊಂಕು ಓಣಿಗಳ ಅಲ್ಫಾಮಾ ಎಷ್ಟೋ ವಾಸಿ. ಆದರೆ ಅದು ಉಳಿದದ್ದು ಗಟ್ಟಿ ನೆಲದ ಪುಣ್ಯದಿಂದ.

ಬೈಷಾದ ನಿಜವಾದ ಚೆಲುವು ಗಿಲಾವಿನ ಹಿಂದಿದೆ. ಒಂದು ಕಾಫಿ ಅಂಗಡಿಯಲ್ಲಿ ಗೋಡೆಯ ಗಾರೆಯನ್ನು ಬಾಗಿಲಗಲ ಕೆತ್ತಿ ಗಾಜು ಹಾಕಿದ್ದರು. ಒಳಗೆ ಕಪ್ಪಾದ ತೊಲೆಗಳು, ಕಚ್ಚು ಕೊರೆದು ಕೂಡಿಸಿದ ಇಂಟು ಮಾರ್ಕಿನ ಅಡ್ಡಪಟ್ಟಿಗಳು, ಸಂದಿಯಲ್ಲಿ ಕಲ್ಲುಚೂರು, ಸುಣ್ಣ. ಇದೇ 'ಗಯೋಲಾ', ಪಂಜರ. ನೆಲ ಅಲುಗಿದಾಗ ಮರ ಬಾಗುತ್ತದೆ. ಕಲ್ಲು ಉದುರಿದರೂ ಅಟ್ಟ ತಲೆಯ ಮೇಲೆ ಕುಸಿಯುವುದಿಲ್ಲ. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷಿಸಿದರಂತೆ. ಬೆಂಕಿ ದಾಟದಿರಲೆಂದು ಮನೆ ಮನೆಯ ನಡುವಿನ ಗೋಡೆಯನ್ನು ಮಾಡಿಗಿಂತ ಎತ್ತರಕ್ಕೆ ಒಯ್ದರು. ತಳದಲ್ಲಿ ಹಸಿ ನೆಲಕ್ಕೆ ಪೈನ್ ಮರದ ಗೂಟಗಳು. ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ, ರೋಮನ್ನರ ಮೀನು ಉಪ್ಪು ಹಾಕುವ ತೊಟ್ಟಿಗಳ ಜೊತೆ ಅವನ್ನೂ ತೋರಿಸುತ್ತಾರೆ. ನೀರಿನಲ್ಲಿ ಮುಳುಗಿರುವಷ್ಟು ಕಾಲ ಕೊಳೆಯುವುದಿಲ್ಲ. ಅಂತರ್ಜಲ ಇಳಿದರೆ ಕಷ್ಟ.

ಜೊತೆಗಿದ್ದ ಭಾವಮೈದ ಮೈಸೂರಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರ್. ಮುಂದಿನ ಅಂಗಡಿಯ ಉದ್ದನೆಯ ಗಾಜು ನೋಡಿ, "ಭಾವ, ಕೆಳಗಿನ ಗೋಡೆ ಒಡೆದು ಶೋರೂಂ ಮಾಡೋದು ಇಲ್ಲೂ ಇದೆ" ಎಂದ. ಅವನ ಕಣ್ಣು ಸುಳ್ಳು ಹೇಳುವುದಿಲ್ಲ. ಎರಡೂವರೆ ಶತಮಾನದಲ್ಲಿ ಎಷ್ಟೋ ಕಟ್ಟಡಗಳ ಮೇಲೆ ಅಂತಸ್ತು ಏರಿದೆ, ಲಿಫ್ಟಿಗಾಗಿ, ಕೊಳಾಯಿಗಾಗಿ ಪಂಜರದ ಪಟ್ಟಿಗಳು ತುಂಡಾಗಿವೆ.

ರೊಸಿಯು ಚೌಕದ ಪಕ್ಕದ ಸಾಂವ್ ದೊಮಿಂಗುಶ್ ಚರ್ಚು 1755ರಲ್ಲೂ ಪೆಟ್ಟು ತಿಂದಿತು, 1959ರಲ್ಲಿ ಸುಟ್ಟೂ ಹೋಯಿತು. 1994ರಲ್ಲಿ ಮತ್ತೆ ತೆರೆದಾಗ ಕಂಬಗಳನ್ನು ಹಾಗೇ ಬಿಟ್ಟರು. ಕೈಯಿಟ್ಟು ನೋಡಿದೆ: ಕಲ್ಲು ಹಕ್ಕಳೆ ಎದ್ದು ಉದುರಿದೆ, ಬಿರುಕು ಅಂಗೈಯಗಲ, ಕೆಂಪಗೆ ಕಾದ ಗುರುತು. ಅದರ ನಡುವೆ ಸಂಜೆಯ ಪೂಜೆಗೆ ಮುದುಕಿಯರು ಬಂದು ಕೂರುತ್ತಾರೆ. ಗುಡ್ಡದ ಮೇಲಿನ ಕಾರ್ಮು ಮಠದ ಚರ್ಚಿಗೆ ಮಾಡೇ ಇಲ್ಲ. ಪ್ರವಾಸಿಗರು ಮುಗಿಬಿದ್ದು ಫೋಟೋ ತೆಗೆಯುವ ಅಲ್ಲಿನ ಕಮಾನುಗಳು ಭೂಕಂಪಕ್ಕೆ ಸಿಕ್ಕಿ ಉಳಿದವು ಎಂದುಕೊಂಡರೆ, ಅವುಗಳಲ್ಲಿ ಹೆಚ್ಚಿನವು ಆಮೇಲೆ ಕಟ್ಟಲು ಹೊರಟು 1834ರಲ್ಲಿ ಮಠಗಳೇ ರದ್ದಾದಾಗ ಅರ್ಧಕ್ಕೆ ನಿಂತವು.

ಅಲ್ಲಿಂದ ಇಳಿದರೆ ಶಿಯಾದು ಪೇಟೆ. 1988ರ ಆಗಸ್ಟ್ 25ರಂದು ಗ್ರಾಂಡೆಲಾ ಮಳಿಗೆಯಲ್ಲಿ ಹತ್ತಿದ ಬೆಂಕಿಗೆ ಹದಿನೆಂಟು ಕಟ್ಟಡ ಸುಟ್ಟವು. ಪಾದಚಾರಿಗಳಿಗೆಂದು ಮೀಸಲಿಟ್ಟಿದ್ದ ಬೀದಿಗೆ ಅಗ್ನಿಶಾಮಕದ ಗಾಡಿಗಳು ಸರಾಗವಾಗಿ ನುಗ್ಗಲಾಗಲಿಲ್ಲ. ಪುನರ್ನಿರ್ಮಾಣ ವಹಿಸಿಕೊಂಡ ಆಲ್ವರು ಸೀಜಾ ಮುಂಗೋಡೆಗಳನ್ನು ಹಳೆಯ ರೂಪದಲ್ಲೇ ಎಬ್ಬಿಸಿದ. "ಇಷ್ಟು ದೊಡ್ಡ ಆರ್ಕಿಟೆಕ್ಟ್‌ನ ಕರೆಸಿ ಹಳೇದನ್ನೇ ಕಟ್ಟಿಸಿದ್ದಾರಲ್ಲ ಭಾವ?" ಎಂದು ಭಾವಮೈದ ಮೂಗು ಮುರಿದ. ನಾನು ಅವನನ್ನು ಮುಂಗೋಡೆಯ ಹಿಂದೆ ಕರೆದೊಯ್ದೆ. ಕಟ್ಟಡಗಳ ಬೆನ್ನಿಗೆ ಸೀಜಾ ತೆರೆದ ಅಂಗಳ, ಬೀದಿಯಿಂದ ಬೀದಿಗೆ ದಾಟುವ ಮೆಟ್ಟಿಲ ದಾರಿ. ಅವನು ಮೆಟ್ಟಿಲು ಹತ್ತಿ, ಇಳಿದು, ಹೊರಹೋಗುವ ಬಾಯಿ ಎಷ್ಟಿವೆ ಎಂದು ಎಣಿಸಿ, "ಇದು ಸರಿ" ಎಂದ. ಮುಂಗೋಡೆಯ ಮಾತು ಮಾತ್ರ ಊಟದ ಹೊತ್ತಿನವರೆಗೂ ಇತ್ಯರ್ಥವಾಗಲಿಲ್ಲ.