ಕಿರುಬೆರಳಿನ ತಪ್ಪು

ಫೋಟೋ ಹಾಕಿ, ಬೆಲೆ ಬರೆಯಿರಿ ಎಂದಿತು ಮೊಬೈಲು. ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿದರೆ ಸ್ಯಾಕ್ಸೋಫೋನಿನ ಕತ್ತಿನ ಸುತ್ತ ಹಸಿರು ಕಿಲುಬು. ನನ್ನ ಹೆಂಡತಿ ಹುಣಸೆಹಣ್ಣು ಹಿಡಿದುಕೊಂಡೇ ಬಂದಳು. ದೀಪ, ಕೊಡಪಾನ, ಸ್ಯಾಕ್ಸೋಫೋನು ಎಲ್ಲವೂ ಹಿತ್ತಾಳೆಯೇ ತಾನೆ! ಮೇಲಿನ ಲ್ಯಾಕರ್ ಎದ್ದುಹೋದರೆ ಬೆಲೆಯೂ ಎದ್ದುಹೋಗುತ್ತದೆಂದು ಅವಳನ್ನು ತಡೆಯುವಷ್ಟರಲ್ಲಿ ಸಾಕಾಯಿತು.

ಮುಂದಿನ ತಕರಾರು ಇದರ ಜಾತಿಯದು. ಮೈಯೆಲ್ಲ ಲೋಹ; ಆದರೂ ವಾದ್ಯಪಂಡಿತರು ಇದನ್ನು ಕ್ಲಾರಿನೆಟ್ಟು, ಕೊಳಲುಗಳ ಜೊತೆಗೆ ಮರದ ವಾದ್ಯಗಳ ಸಾಲಿನಲ್ಲಿ ಕೂರಿಸಿದ್ದಾರೆ. ಊದಿದಾಗ ಅದುರುವುದು ಹಿತ್ತಾಳೆಯಲ್ಲ, ಬಾಯಿಗೆ ಕೊಟ್ಟ ಜೊಂಡಿನ ರೀಡು. ಮೊಬೈಲಿಗೆ ಇಷ್ಟು ಸೂಕ್ಷ್ಮ ಎಲ್ಲಿ ಬರಬೇಕು? ‘ಗಿಟಾರ್ ಮತ್ತು ಇತರೆ’ ಎಂಬಲ್ಲಿ ನನ್ನ ವಾದ್ಯ ‘ಇತರೆ’ಯಾಯಿತು.

ಇದನ್ನು ಕಂಡುಹಿಡಿದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿಗೆ ಹೋಗಿ 1846ರಲ್ಲಿ ಪೇಟೆಂಟ್ ಪಡೆದ. ಫ್ರೆಂಚ್ ಸೈನ್ಯದ ಬ್ಯಾಂಡಿಗೆ ಅವನ ವಾದ್ಯಗಳು ಹೊಕ್ಕವು, ಉಳಿದ ತಯಾರಕರು ಕೋರ್ಟು ಹೊಕ್ಕರು. ವ್ಯಾಜ್ಯದಲ್ಲೇ ಹೈರಾಣಾದ ಮನುಷ್ಯ ಮತ್ತೆ ಮತ್ತೆ ದಿವಾಳಿಯಾದ. 1877ರಲ್ಲಿ ಅವನು ಕೂಡಿಟ್ಟಿದ್ದ ವಾದ್ಯಗಳೇ ಹರಾಜಿಗೆ ಬಂದವು. ನನ್ನದು ಒಂದೇ ವಾದ್ಯ, ಅದೂ ದಿವಾಳಿಯಾಗದೆ ಮಾರುತ್ತಿರುವುದು ಎಂದು ಸಮಾಧಾನಪಟ್ಟುಕೊಂಡೆ.

ಆ ಸೈನ್ಯದ ವಾದ್ಯ ನಮ್ಮ ಕರಾವಳಿಯ ದೇವಸ್ಥಾನದ ಅಂಗಳಕ್ಕೆ ಬಂದದ್ದು ಕದ್ರಿ ಗೋಪಾಲನಾಥರಿಂದ. ಬಂಟ್ವಾಳ ತಾಲೂಕಿನ ಸಜಿಪದವರು, ತಂದೆ ನಾಗಸ್ವರ ವಿದ್ವಾಂಸರು. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನು ಕೇಳಿ ಮರುಳಾದವರು. ಕೀಗಳು ಸ್ವರದಿಂದ ಸ್ವರಕ್ಕೆ ಜಿಗಿಯುವಂಥವು. ಗಮಕಕ್ಕೆ ಬೇಕಾದದ್ದು ಜಾರು. ಆ ಜಾರನ್ನು ತುಟಿ, ಉಸಿರು, ಬೆರಳಿನಿಂದ ದುಡಿದು ತೆಗೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲೂ ನುಡಿಸಿದರು. ಈಗ ನಮ್ಮ ಕಡೆ ಸ್ಯಾಕ್ಸೋಫೋನಿಲ್ಲದ ಮದುವೆಯೆಂದರೆ ಪಾಯಸವಿಲ್ಲದ ಊಟ.

ಒಂದು ಜಾತ್ರೆಯಲ್ಲಿ ಅವರ ಕಛೇರಿ ಕೇಳಿದ ಹುಚ್ಚಿನಲ್ಲಿ ಬ್ಯಾಂಡ್‌ಸೆಟ್ಟಿನವರೊಬ್ಬರಿಂದ ಈ ಆಲ್ಟೊ ಸ್ಯಾಕ್ಸೋಫೋನು ಕೊಂಡೆ. ಎರಡು ವರ್ಷ ಪಾಠ. ಎಡಗೈ ಕಿರುಬೆರಳು ಒತ್ತಬೇಕಾದ ಸ್ವರವೊಂದು ಮಾತ್ರ ಹತ್ತು ಸಲಕ್ಕೆ ಆರು ಸಲ ಬರುತ್ತಿರಲಿಲ್ಲ. “ಬೆರಳಿಗೆ ಬಲವೇ ಇಲ್ಲವಲ್ಲ ಮಾರಾಯ,” ಎಂದರು ಗುರುಗಳು. ಹಾಳು ಬೆರಳನ್ನು ಬೈದುಕೊಂಡು ವಾದ್ಯ ಅಟ್ಟಕ್ಕೇರಿಸಿದೆ.

ಬೆಲೆ 22,000 ಎಂದು ಹಾಕಿದ ಹತ್ತು ನಿಮಿಷಕ್ಕೆ ‘ಲಾಸ್ಟ್ ಎಷ್ಟು?’ ಬಂತು. ಒಬ್ಬರಿಗೆ ಮನೆಯ ಶೋಕೇಸಿಗೆ ಬೇಕಂತೆ, ಉದ್ದ ಎಷ್ಟೆಂದು ಕೇಳಿದರು. ಇನ್ನೊಬ್ಬ ತಾನು ಸೈನ್ಯದ ಅಧಿಕಾರಿ, ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿದರೆ ನಿಮಗೇ ದುಡ್ಡು ಬರುತ್ತದೆ ಎಂದ. ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲವೆಂಬುದು ನನ್ನ ಪುಣ್ಯಕ್ಕೆ ಗೊತ್ತಿತ್ತು. ಸ್ಯಾಕ್ಸೋಫೋನಿಗೂ ಸೈನ್ಯಕ್ಕೂ ಎಂಥ ಹಳೆಯ ನಂಟು!

ಕೊನೆಗೆ ಬೆಳ್ತಂಗಡಿ ಕಡೆಯಿಂದ ಒಬ್ಬರು ಮಗಳೊಂದಿಗೆ ಬಂದರು. ದೇವಸ್ಥಾನದಲ್ಲಿ ನುಡಿಸುವ ಮನೆತನ. ಹುಡುಗಿಗೆ ಹದಿನೇಳಿರಬಹುದು. ಬ್ಯಾಗಿನಿಂದ ತನ್ನದೇ ಮೌತ್‌ಪೀಸ್ ತೆಗೆದು, ರೀಡನ್ನು ನಾಲಿಗೆಯ ಮೇಲಿಟ್ಟು ನೆನೆಸುತ್ತಲೇ ಕೀಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಡಗೈ ಕಿರುಬೆರಳಿಗೆ ಬಂದಾಗ ನಿಂತಳು.

“ಅಂಕಲ್, ಹತ್ತರ ನೋಟು ಉಂಟಾ?”

ಕೊಟ್ಟೆ. ನೋಟನ್ನು ತೂತು ಮುಚ್ಚುವ ಪ್ಯಾಡಿನಡಿ ತೂರಿಸಿ, ಮೇಲಿಂದ ಮೆತ್ತಗೆ ಅದುಮಿ, ಎಳೆದಳು. ಎರಡು ಸಲ ಹಾಗೆ ಮಾಡಿ ಕೀ ಒತ್ತಿದಳು. ಪ್ಯಾಡು ಟಪ್ಪೆಂದು ಎದ್ದಿತು.

“ಇದು ಎಲ್ಲಾ ಸ್ಯಾಕ್ಸೋಫೋನಿನಲ್ಲೂ ಅಂಟುತ್ತದೆ ಅಂಕಲ್. ಒತ್ತಿದರೆ ಕೀ ತಗ್ಗುತ್ತದೆ, ಪ್ಯಾಡು ಏಳುವುದು ಸ್ಪ್ರಿಂಗಿನಿಂದ. ಬೆರಳಿನ ತಪ್ಪಲ್ಲ.”

ಆಮೇಲೆ ಅವಳು ಮೋಹನ ರಾಗ ನುಡಿಸಿದಳು. ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ನಾನು ಬೆನ್ನ ಹಿಂದೆ ಕೈಕಟ್ಟಿ ಕಿರುಬೆರಳನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದೆ.

ಅವಳ ಅಪ್ಪ 18,000 ಎಣಿಸಿಕೊಟ್ಟರು. ಚೌಕಾಸಿ ಮಾಡುವ ಹುಮ್ಮಸ್ಸು ನನಗೆ ಉಳಿದಿರಲಿಲ್ಲ. ಪೆಟ್ಟಿಗೆ ಹೊತ್ತು ಗೇಟು ದಾಟಿದ ಹುಡುಗಿ ಏನೋ ನೆನಪಾಗಿ ಓಡಿಬಂದು ಹತ್ತರ ನೋಟು ವಾಪಸ್ ಕೊಟ್ಟಳು. ಅದರ ಮೇಲೆ ಕಪ್ಪಗೆ, ದುಂಡಗೆ ಪ್ಯಾಡಿನ ಅಚ್ಚು ಮೂಡಿತ್ತು.